ಅಪ್‌ಡೇಟ್ ಕಳಿಸೋದು ಸುಲಭ, ವಾಪಸ್ ಬರೋದು ಹೆಂಗ?

ಪ್ರಾಜೆಕ್ಟ್ ರಿವ್ಯೂ ಹತ್ತಿರ ಬಂತು ಅಂದ್ರೆ ಕ್ಯಾಂಟೀನಿನಲ್ಲಿ ಒಂದೇ ಮಾತು: "ನಿಮ್ಮ ಟೀಮಿಂದು ಹೊಸ ಫೀಚರ್ ಏನಪಾ?" ಗೈಡ್ ಕೇಳೋದೂ ಅದನ್ನೇ, ಇಂಟರ್‌ವ್ಯೂನಲ್ಲಿ ಕೇಳೋದೂ ಅದನ್ನೇ. "ನಿಮ್ಮ ಆ್ಯಪ್‌ನ ಎರಡನೇ ವರ್ಷನ್ ಕೆಟ್ಟು ಕೂತರೆ ಒಂದನೇದಕ್ಕೆ ಹೆಂಗ ವಾಪಸ್ ಹೋಗ್ತೀರಿ?" ಅಂತ ಕೇಳುವವರು ಕಡಿಮೆ. ನಮ್ಮ ಪ್ರಕಾರ ಮಾರ್ಕ್ಸ್ ಇರಬೇಕಾದದ್ದು ಈ ಪ್ರಶ್ನೆಗೆ. ತಾನಾಗಿಯೇ ಅಪ್‌ಡೇಟ್ ಆಗುವ ಯಾವ ಸಾಫ್ಟ್‌ವೇರನ್ನೂ, ಹಿಂದಕ್ಕೆ ಬರುವ ದಾರಿಯನ್ನು ಮೊದಲೇ ಕಟ್ಟದೆ, ಜನರ ಕೈಗೆ ಕೊಡಬಾರದು. ಈ ಲೇಖನದಲ್ಲಿ ನಾವು ಹೇಳಬೇಕಾದದ್ದು ಇಷ್ಟೇ. ಇದು ಅಂದುಕೊಂಡಷ್ಟು ಸುಲಭವಲ್ಲ ಅನ್ನೋದಕ್ಕೇ ಇಷ್ಟು ಉದ್ದ ಬರೆಯಬೇಕಾಗಿದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಇವತ್ತು ಅಪ್‌ಡೇಟ್ ಅಂದ್ರೆ ಇಡೀ ಸಾಫ್ಟ್‌ವೇರ್ ಒಮ್ಮೆಲೇ ಬದಲಾಗೋದಲ್ಲ. ಬಿಡಿಭಾಗಗಳು, ಅಂದ್ರೆ ಕಾಂಪೊನೆಂಟ್‌ಗಳು, ಒಂದೊಂದೇ ಬದಲಾಗ್ತವೆ. ಕ್ರೋಮ್ ಬ್ರೌಸರ್ ಹಾಗೇ ಇರುತ್ತೆ. ಅದರೊಳಗಿನ ವಿಡಿಯೊ ಬೀಗ ತೆಗೆಯುವ ಭಾಗವೋ, ರದ್ದಾದ ಸರ್ಟಿಫಿಕೇಟುಗಳ ಪಟ್ಟಿಯೋ ಬೇರೆಯಾಗಿ ಇಳಿದು ಕೂಡುತ್ತೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಫೋನಿನ ಮೀಡಿಯಾ ಕೊಡೆಕ್, ಡಿಎನ್‌ಎಸ್ ರಿಸಾಲ್ವರ್‌ನಂಥ ಭಾಗಗಳೂ ಪ್ಲೇ ಸ್ಟೋರ್ ದಾರಿಯಲ್ಲೇ ಬದಲಾಗ್ತವೆ. ನಮ್ಮ ನೋಡ್ ಪ್ರಾಜೆಕ್ಟಿನ ಪ್ಯಾಕೇಜ್ ಫೈಲಿನಲ್ಲಿ ವರ್ಷನ್ ನಂಬರಿನ ಹಿಂದೆ ಕೂತಿರುವ ಆ ಸಣ್ಣ ಟೋಪಿ ಚಿಹ್ನೆಯೂ ಅದೇ ಕೆಲಸದ್ದು. "ಇದಕ್ಕಿಂತ ಹೊಸದು ಬಂದಿದ್ದರೆ ಕೇಳದೆ ತಗೋ" ಅಂತ ಅದರ ಅರ್ಥ. ಯಾರೂ ಬಟನ್ ಒತ್ತೋದಿಲ್ಲ, ಯಾರಿಗೂ ತಿಳಿಯೋದಿಲ್ಲ. ಸರಿ ಇದ್ದಾಗ ಇದು ವರ. ಕೆಟ್ಟಾಗ, ಏನು ಬದಲಾಯಿತು ಅಂತಲೇ ಬಳಸುವವರಿಗೆ ಗೊತ್ತಿರೋದಿಲ್ಲ.

ಹಂಗಾದ್ರ ಅಪ್‌ಡೇಟ್ ಆಫ್ ಮಾಡಿ ಇಟ್ಟರಾಯ್ತಲ್ಲ ಅಂತ ಹಾಸ್ಟೆಲ್‌ನಲ್ಲಿ ಅರ್ಧ ಮಂದಿ ಹೇಳ್ತಾರೆ. ಅವರಿಗೆ 2017 ನೆನಪು ಮಾಡಬೇಕು. ವಿಂಡೋಸ್‌ನ ಒಂದು ದೊಡ್ಡ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ವಾನಾಕ್ರೈ ಬಂದದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು ಸಿಕ್ಕರೂ ತೇಪೆ ಹಾಕಿಕೊಳ್ಳದ ಯಂತ್ರಗಳು ಜಗತ್ತಿನ ತುಂಬ ಬೀಗ ಹಾಕಿಸಿಕೊಂಡು ಕೂತವು. ಆದ್ದರಿಂದ ಅಪ್‌ಡೇಟ್ ಬೇಕೇ ಬೇಕು, ತಾನಾಗಿಯೇ ಆಗುವಂಥದ್ದೇ ಬೇಕು. ನಮ್ಮ ತಕರಾರು ಅದರ ಮೇಲಲ್ಲ.

ನವಲಗುಂದದ ಹೊಲದಿಂದ ನೋಡಿದರೆ

ಬೆಂಗಳೂರಿನ ಎ.ಸಿ. ರೂಮಿನಲ್ಲಿ ಕೂತು ರಿಲೀಸ್ ಬಟನ್ ಒತ್ತುವವರಿಗೂ, ಅದರ ಫಲ ಉಣ್ಣುವವರಿಗೂ ನಡುವೆ ಎಷ್ಟು ದೂರ ಇದೆ ಅಂತ ತಿಳಿಯಬೇಕಾದ್ರೆ ನವಲಗುಂದ ಕಡೆ ನೋಡಬೇಕು. ಮುಂಗಾರಿನಲ್ಲಿ ಎರಿ ಹೊಲದ ತುಂಬ ಹೆಸರು. 2020ರ ಮುಂಗಾರಿನಿಂದ ರಾಜ್ಯದಲ್ಲಿ ರೈತರೇ ತಮ್ಮ ಮೊಬೈಲಿನಿಂದ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ವ್ಯವಸ್ಥೆ ಬಂದಿದೆ. ಹೊಲದಲ್ಲಿ ನಿಂತು, ಸರ್ವೆ ನಂಬರು ಆರಿಸಿ, ಬೆಳೆಯ ಫೋಟೊ ತೆಗೆದು ಕಳಿಸಬೇಕು. ಬೆಂಬಲ ಬೆಲೆಗೆ ಮಾರೋದು, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಇವಕ್ಕೆಲ್ಲ ಆ ದಾಖಲೆ ಆಧಾರ. ಸಮೀಕ್ಷೆಗೆ ಕೊನೆಯ ದಿನ ಅಂತ ಒಂದು ಇರುತ್ತೆ. ಬೆಳೆಯೂ ಕಾಯೋದಿಲ್ಲ. ಹೆಸರು ಕಿತ್ತ ಮೇಲೆ ಯಾವುದರ ಫೋಟೊ ತೆಗೆಯೋದು?

ಇಂಥ ಯಾವುದೋ ಒಂದು ಆ್ಯಪ್ ಆ ವಾರದಲ್ಲೇ ರಾತ್ರೋರಾತ್ರಿ ಅಪ್‌ಡೇಟ್ ಆಗಿ, ಹಳೆಯ ಫೋನಿನಲ್ಲಿ ತೆರೆಯೋದನ್ನೇ ಬಿಟ್ಟಿತು ಅಂತ ಊಹೆ ಮಾಡಿಕೊಳ್ಳಿ. ಕ್ಯಾಂಪಸ್ಸಿನಲ್ಲಿ ನಾವಾದರೆ ಹಳೆಯ ಎಪಿಕೆ ಹುಡುಕ್ತೇವೆ, ಡೇಟಾ ಕ್ಲಿಯರ್ ಮಾಡ್ತೇವೆ, ಗೆಳೆಯನ ಫೋನ್ ಇಸಕೊಳ್ತೇವೆ. ಹೊಲದ ಬದುವಿನ ಮೇಲೆ ನಿಂತ ರೈತ ಏನು ಮಾಡಬೇಕು? ಅವರಿಗೆ ತಿಳಿಯೋದು "ನಿನ್ನೆ ನಡೀತಿತ್ತು, ಇವತ್ತ ನಡಿಯವಲ್ದು" ಅನ್ನೋದಷ್ಟೇ. ಹಿಂದಕ್ಕೆ ಹೋಗುವ ಅಧಿಕಾರ ಅವರ ಕೈಯಲ್ಲಿ ಇಲ್ಲ. ಅದಕ್ಕೇ ಆ ಜವಾಬ್ದಾರಿ ಪೂರ್ತಿಯಾಗಿ ಕೋಡ್ ಬರೆಯುವವರ ಮೇಲೆ ಬೀಳುತ್ತೆ. ಇನ್ನೆರಡು ವರ್ಷಕ್ಕೆ ಆ ಕುರ್ಚಿಯಲ್ಲಿ ಕೂರುವವರು ನಾವೇ.

78 ನಿಮಿಷದ ಪಾಠ

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ತನ್ನ ಫಾಲ್ಕನ್ ಸಾಫ್ಟ್‌ವೇರಿಗೆ ಒಂದು ಸಣ್ಣ ಫೈಲ್ ಕಳಿಸಿತು. ಅದು ಹೊಸ ವರ್ಷನ್ ಅಲ್ಲ, ಒಳಗಿನ ಒಂದು ಬಿಡಿಭಾಗ, ಚಾನೆಲ್ ಫೈಲ್ 291. ಆ ಫೈಲ್ 21ನೇ ಇನ್‌ಪುಟ್ ಕೇಳಿತು, ಯಂತ್ರದಲ್ಲಿದ್ದ ಕೋಡ್ ಕೊಡುತ್ತಿದ್ದದ್ದು 20. ಇಲ್ಲದ ಜಾಗಕ್ಕೆ ಕೈ ಹಾಕಿ ವಿಂಡೋಸ್ ಬಿದ್ದಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿದವು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಕೆಟ್ಟು, ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟದ್ದನ್ನು ಎಲ್ಲರೂ ಫೋಟೊದಲ್ಲಿ ನೋಡಿದ್ದೇವೆ.

ಬಹಳ ಜನ ಗಮನಿಸದೆ ಬಿಟ್ಟ ಸಂಗತಿ ಇನ್ನೊಂದಿದೆ. ಕಂಪನಿ ರೋಲ್‌ಬ್ಯಾಕ್ ಮಾಡಿತ್ತು. 10.57ಕ್ಕೆ, ಅಂದ್ರೆ 78 ನಿಮಿಷದಲ್ಲಿ, ಕೆಟ್ಟ ಫೈಲನ್ನು ವಾಪಸ್ ತಗೊಂಡಿತ್ತು. ಹಾಗಿದ್ದೂ ಜಗತ್ತು ದಿನಗಟ್ಟಲೆ ಯಾಕೆ ಒದ್ದಾಡಿತು? ಅಷ್ಟೊತ್ತಿಗೆ ಆ ಫೈಲ್ ಇಳಿಸಿಕೊಂಡಿದ್ದ ಯಂತ್ರಗಳು ಬೂಟ್ ಆಗುವಾಗಲೇ ಬೀಳುತ್ತಿದ್ದವು. ಬೂಟ್ ಆಗದ ಯಂತ್ರ ಇಂಟರ್‌ನೆಟ್‌ಗೆ ಹೋಗಿ "ಸರಿ ಫೈಲ್ ಬಂದೈತೇನು?" ಅಂತ ಕೇಳೋದು ಹೆಂಗ? ಕೊನೆಗೆ ಒಂದೊಂದೇ ಕಂಪ್ಯೂಟರ್ ಮುಂದೆ ಮನುಷ್ಯರು ಕೂತು, ಸೇಫ್ ಮೋಡಿಗೆ ಹೋಗಿ, ಫೈಲ್ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದ ಕಡೆ ಅದರ ಉದ್ದನೆಯ ರಿಕವರಿ ಕೀಯನ್ನೂ ಹುಡುಕಬೇಕಾಯಿತು.

ಇನ್ನೂ ಒಂದು ಮಾತು. "ನಮಗೆ ತೀರಾ ಹೊಸ ವರ್ಷನ್ ಬೇಡ, ಒಂದು ಹಿಂದಿನದೇ ಇರಲಿ" ಅಂತ ಸೆಟ್ಟಿಂಗ್ ಇಟ್ಟುಕೊಂಡ ಜಾಣ ಗ್ರಾಹಕರೂ ಅವತ್ತು ಸಿಕ್ಕಿಬಿದ್ದರು. ಆ ಸೆಟ್ಟಿಂಗ್ ಮುಖ್ಯ ಸಾಫ್ಟ್‌ವೇರಿಗೆ ಇತ್ತು, ಬಿಡಿಭಾಗದ ಫೈಲುಗಳಿಗೆ ಇರಲಿಲ್ಲ. ಮುಂಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ. ಆಮೇಲೆ ಕಂಪನಿ ಈ ಫೈಲುಗಳನ್ನೂ ಹಂತಹಂತವಾಗಿ ಬಿಡುವುದಾಗಿ, ಗ್ರಾಹಕರಿಗೂ ನಿಯಂತ್ರಣ ಕೊಡುವುದಾಗಿ ಹೇಳಿತು.

ಹಾಗಾಗಿ ಸರ್ವರ್‌ನಲ್ಲಿ ಹಳೆಯದನ್ನು ಇಟ್ಟ ಮಾತ್ರಕ್ಕೆ ರೋಲ್‌ಬ್ಯಾಕ್ ಆಗೋದಿಲ್ಲ. ಬಳಸುವವರ ಯಂತ್ರ ತಾನೇ, ಯಾರ ಸಹಾಯವೂ ಇಲ್ಲದೆ, ನೆಟ್ ಕೂಡ ಇಲ್ಲದೆ ವಾಪಸ್ ಬರಬೇಕು. ಇದು ಆಗದ ಮಾತೇನಲ್ಲ. 2016ರ ಆಂಡ್ರಾಯ್ಡ್ 7ರಿಂದ ಫೋನಿನಲ್ಲಿ ಎ ಮತ್ತು ಬಿ ಅಂತ ಎರಡು ಜಾಗ ಇಡುವ ಪದ್ಧತಿ ಇದೆ. ಎ ಜಾಗದಿಂದ ಫೋನ್ ನಡೀತಾ ಇರುವಾಗಲೇ ಹೊಸದು ಬಿ ಜಾಗದಲ್ಲಿ ಕೂಡುತ್ತೆ. ಮರು ಚಾಲೂ ಆದಾಗ ಬಿ ಸರಿಯಾಗಿ ಎದ್ದು "ನಾನು ಗಟ್ಟಿ ಇದೀನಿ" ಅಂತ ಗುರುತು ಹಾಕಬೇಕು. ಕೆಲವು ಸಲ ಪ್ರಯತ್ನಿಸಿಯೂ ಆ ಗುರುತು ಬೀಳದಿದ್ದರೆ ಬೂಟ್‌ಲೋಡರ್ ಮಾತಿಲ್ಲದೆ ಎ ಜಾಗಕ್ಕೆ ವಾಪಸ್. ಆಂಡ್ರಾಯ್ಡ್ 10ರಿಂದ ಬಿಡಿಭಾಗಗಳಿಗೂ ಇಂಥದೇ ಕಾವಲು ಇದೆ: ಹೊಸ ಭಾಗ ಬಂದ ಮೇಲೆ ಫೋನ್ ಮತ್ತೆ ಮತ್ತೆ ಬಿದ್ದರೆ, ಹಳೆಯ ಭಾಗ ತಾನಾಗಿ ಕೂಡುತ್ತೆ. ಮಳೆಯಾದ ಮರುದಿನ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವವರು ಹೊರಗೆ ಬರೋದು ಹೆಂಗ ಅಂತ ಮೊದಲು ನೋಡ್ತಾರೆ. ಹೂತ ಮೇಲೆ ಯೋಚನೆ ಮಾಡೋದಿಲ್ಲ.

ಹಿಂದಿನದನ್ನು ಮುಂದಿನ ನಂಬರಿನಲ್ಲಿ

ಇಲ್ಲಿ ಒಂದು ವಿಚಿತ್ರ ಇದೆ. ಬಹಳಷ್ಟು ಅಪ್‌ಡೇಟ್ ವ್ಯವಸ್ಥೆಗಳು ಹಿಂದಕ್ಕೆ ಎಣಿಸೋದೇ ಇಲ್ಲ. ಕ್ರೋಮ್‌ನ ಬಿಡಿಭಾಗಗಳಿಗೆ, ಈಗಿರುವ ನಂಬರಿಗಿಂತ ಕಡಿಮೆ ನಂಬರಿನದನ್ನು ಕೊಟ್ಟರೆ ಸಾಮಾನ್ಯವಾಗಿ ಬೇಡ ಅನ್ನುತ್ತೆ. ಪ್ಲೇ ಸ್ಟೋರ್‌ನಲ್ಲೂ ಹಾಗೇ: 12ನೇ ನಂಬರಿನ ಆ್ಯಪ್ ಜನರ ಫೋನಿಗೆ ಹೋದ ಮೇಲೆ 11ನ್ನು ಮತ್ತೆ ಹಂಚಲು ಬರೋದಿಲ್ಲ. 11ರ ಕೋಡನ್ನೇ 13 ಅಂತ ಹೆಸರಿಟ್ಟು ಕಳಿಸಬೇಕು. ಒಳಗೆ ಹಳೆಯದು, ಮೇಲೆ ಹೊಸ ನಂಬರು.

ಇದು ಅಡ್ಡದಾರಿ ಅಂತ ಅನ್ನಿಸಬಹುದು. ಆದರೆ ನಮ್ಮ ಮನೆಯಲ್ಲಿರುವ ಉತಾರದ ಲೆಕ್ಕ ನೋಡ್ರಿ. ಹೊಲದ ಹಕ್ಕು ಬದಲಾಗುವಾಗ ಮೊದಲು ನೋಟಿಸು, ಚಾವಡಿಯಲ್ಲಿ ಪ್ರಕಟಣೆ, ತಕರಾರಿಗೆ ಒಂದಿಷ್ಟು ದಿನ. ತಕರಾರು ಬರದಿದ್ದರೆ ಎಂ.ಆರ್. ನಂಬರು ಬಿದ್ದು ಹೊಸ ಹೆಸರು ಏರುತ್ತೆ. ಆಮೇಲೆ ತಪ್ಪು ಅಂತ ಗೊತ್ತಾದರೆ? ಹಳೆಯ ಹಾಳೆ ಹರಿದು ಹಾಕೋದಿಲ್ಲ, ನಡುವಿನ ನಮೂದನ್ನು ಅಳಿಸೋದೂ ಇಲ್ಲ. ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಆದೇಶ, ಆ ಆದೇಶದ ಮೇಲೆ ಮತ್ತೊಂದು ಹೊಸ ನಮೂದು. ಹೆಸರು ಹಿಂದಿನದೇ ಬರುತ್ತೆ, ನಂಬರು ಮಾತ್ರ ಮುಂದಿನದು. ಕೈಬರಹದ ಉತಾರ ಹೋಗಿ ಭೂಮಿ ಯೋಜನೆಯ ಕಂಪ್ಯೂಟರ್ ಉತಾರ ಬಂದ ಮೇಲೂ ಈ ಪದ್ಧತಿ ಉಳಿದಿದೆ. ಯಾಕಂದ್ರೆ ನಡುವೆ ಏನಾಯಿತು ಅನ್ನೋದಕ್ಕೆ ಸಾಕ್ಷಿ ಬೇಕು. ಆ ನಡುವಿನ ಹೆಸರನ್ನು ನಂಬಿ ಯಾರೋ ಸಾಲ ಕೊಟ್ಟಿರಬಹುದು.

ಸಾಫ್ಟ್‌ವೇರಿನಲ್ಲೂ ಹಾಗೇ. ತಕರಾರಿನ ಅವಧಿಯನ್ನು ನಾವು ಸ್ಟೇಜ್ಡ್ ರೋಲ್‌ಔಟ್ ಅಂತೀವಿ: ಮೊದಲು ನೂರಕ್ಕೆ ಒಬ್ಬರಿಗೆ, ಸರಿ ಇದ್ದರೆ ಹತ್ತು ಜನಕ್ಕೆ, ಆಮೇಲೆ ಊರಿಗೆಲ್ಲ. ಜುಲೈ 19ರ ಫೈಲಿಗೆ ಈ ಅವಧಿಯೇ ಇರಲಿಲ್ಲ. ಮುಂದಿನ ನಂಬರಿನಲ್ಲಿ ಹಿಂದಿನದನ್ನು ಕೊಟ್ಟರೆ ಇತಿಹಾಸ ಉಳಿಯುತ್ತೆ. 12 ಅಂತ ಒಂದು ಇತ್ತು, ಅದು ಕೆಟ್ಟಿತ್ತು ಅಂತ ಯಾರೂ ಮುಚ್ಚಿಡಲು ಬರೋದಿಲ್ಲ.

ಕೋಡ್ ವಾಪಸ್ ಬಂತು, ಡೇಟಾ ಬಂತಾ?

ನಿಜವಾದ ತೊಡಕು ಇರೋದು ಇಲ್ಲಿ. ಒಂದು ಉದಾಹರಣೆ ಕಟ್ಟೋಣ. ನಮ್ಮದೊಂದು ಕೃಷಿ ಆ್ಯಪ್. ಮೊದಲ ವರ್ಷನ್ ಹೊಲದ ಅಳತೆಯನ್ನು ಉತಾರದ ಹಾಗೆ ಎಕರೆ, ಚುಕ್ಕಿ, ಗುಂಟೆ ಅಂತ ಬರೆಯುತ್ತೆ. 2.20 ಅಂದ್ರೆ 2 ಎಕರೆ 20 ಗುಂಟೆ. ಎರಡನೇ ವರ್ಷನ್ ಬರೆದವರು ಲೆಕ್ಕ ಸುಲಭ ಆಗಲಿ ಅಂತ ದಶಮಾಂಶ ಎಕರೆ ಮಾಡಿದರು. ಎಕರೆಗೆ 40 ಗುಂಟೆ, ಆದ್ದರಿಂದ ಅದೇ ಹೊಲ ಈಗ 2.5. ಡೇಟಾಬೇಸ್ ಪೂರ್ತಿ ಬದಲಾಯಿತು. ಮೂರು ದಿನ ಬಿಟ್ಟು ಬೇರೆ ಯಾವುದೋ ಕಾರಣಕ್ಕೆ ಎರಡನೇ ವರ್ಷನ್ ಕೆಟ್ಟಿತು, ಮೊದಲನೆಯದು ವಾಪಸ್ ಬಂತು. ಅದು 2.5ನ್ನು ಹೆಂಗ ಓದುತ್ತೆ? 2 ಎಕರೆ 5 ಗುಂಟೆ. ಹದಿನೈದು ಗುಂಟೆ ಮಾಯ. ಆ್ಯಪ್ ಬೀಳಲಿಲ್ಲ, ಎರರ್ ಬರಲಿಲ್ಲ, ಲಾಗ್‌ನಲ್ಲಿ ಎಲ್ಲ ಹಸಿರು. ವಿಮೆ ಹಣ ಕಡಿಮೆ ಬಂದಾಗ ಗೊತ್ತಾಗೋದು, ಅದೂ ಗೊತ್ತಾದರೆ.

ಕೆಟ್ಟು ನಿಲ್ಲುವ ಸಾಫ್ಟ್‌ವೇರಿಗಿಂತ ಸುಮ್ಮನೆ ತಪ್ಪು ಓದುವ ಸಾಫ್ಟ್‌ವೇರ್ ಅಪಾಯ. ಇದಕ್ಕೆ ಉಪಾಯ ಹಳೆಯದು, ಬೇಸರದ್ದು, ಆದರೆ ಗಟ್ಟಿ. ಹಳೆಯ ಕಾಲಮ್ ಮುಟ್ಟಬೇಡಿ. ಪಕ್ಕದಲ್ಲಿ ಹೊಸ ಕಾಲಮ್ ಇಡಿ. ಹೊಸ ವರ್ಷನ್ ಎರಡರಲ್ಲೂ ಬರೆಯಲಿ, ಹಳೆಯದು ತನ್ನದನ್ನೇ ಓದಲಿ. ಇನ್ನು ಹಿಂದಕ್ಕೆ ಹೋಗೋದಿಲ್ಲ ಅಂತ ಖಾತ್ರಿ ಆದ ಮೇಲಷ್ಟೇ, ಬೇರೊಂದು ಅಪ್‌ಡೇಟಿನಲ್ಲಿ ಹಳೆಯ ಕಾಲಮ್ ತೆಗೆಯಿರಿ.

ಡೇಟಾ ಅಷ್ಟೇ ಅಲ್ಲ, ಗುರುತುಗಳೂ ಕೈ ಕೊಡ್ತವೆ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಆದದ್ದು ಇದೇ. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು, ಒಂದು ಬಿಟ್ಟುಹೋಯಿತು. ಹೊಸ ಕೋಡನ್ನು ಚಾಲೂ ಮಾಡಲು ಬಳಸಿದ ಫ್ಲ್ಯಾಗ್, ಹಿಂದೆ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಒಂದು ಹಳೆಯ ಕೋಡನ್ನು ಚಾಲೂ ಮಾಡುತ್ತಿದ್ದ ಫ್ಲ್ಯಾಗೇ ಆಗಿತ್ತು. ಬಿಟ್ಟುಹೋದ ಸರ್ವರ್‌ನಲ್ಲಿ ಆ ಹಳೆಯದು ಎದ್ದು ಕೂತಿತು. ಗಾಬರಿಯಲ್ಲಿ ಅಲ್ಲಿಯವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು. ಅಂದ್ರೆ ರೋಲ್‌ಬ್ಯಾಕ್ ಮಾಡಿದರು. ಆಗ ಎಂಟರಲ್ಲೂ ಹಳೆಯ ದೆವ್ವ ಎದ್ದಿತು. 45 ನಿಮಿಷದ ಆ ಗದ್ದಲಕ್ಕೆ ಕಂಪನಿ ತೆತ್ತದ್ದು 46 ಕೋಟಿ ಡಾಲರ್‌ಗೂ ಹೆಚ್ಚು. ಹಿಂದಕ್ಕೆ ಹೋಗೋದು ಯಾವಾಗಲೂ ಸುರಕ್ಷಿತ ಅಂತ ನಂಬಿದವರಿಗೆ ಇದು ಓದಿಸಬೇಕಾದ ಕಥೆ. ತಾಲೀಮು ಮಾಡದ ರೋಲ್‌ಬ್ಯಾಕ್ ಇನ್ನೊಂದು ತಾಲೀಮು ಮಾಡದ ಅಪ್‌ಡೇಟ್, ಅಷ್ಟೇ.

ಕಳ್ಳರಿಗೂ ಅದೇ ದಾರಿ

ಇಷ್ಟೆಲ್ಲ ಓದಿ "ಹಂಗಾದ್ರ ಯಾವ ವರ್ಷನ್‌ಗೆ ಬೇಕಾದರೂ ಹೋಗುವ ಬಟನ್ ಕೊಟ್ಟುಬಿಡೋಣ" ಅಂದ್ರೆ ಅದೂ ತಪ್ಪು. ಹಳೆಯ ವರ್ಷನ್‌ಗಳಲ್ಲಿ ಹಳೆಯ ತೂತುಗಳಿರ್ತವೆ. ಕ್ರೌಡ್‌ಸ್ಟ್ರೈಕ್ ಘಟನೆಯ ಮರುತಿಂಗಳೇ, 2024ರ ಆಗಸ್ಟಿನಲ್ಲಿ, ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಅಲೋನ್ ಲೆವಿಯೆವ್ ಎಂಬ ಸಂಶೋಧಕರು 'ವಿಂಡೋಸ್ ಡೌನ್‌ಡೇಟ್' ತೋರಿಸಿದರು. ವಿಂಡೋಸ್ ಅಪ್‌ಡೇಟ್ ವ್ಯವಸ್ಥೆಯನ್ನೇ ದಾರಿ ತಪ್ಪಿಸಿ, ಒಳಗಿನ ಭಾಗಗಳನ್ನು ಹಳೆಯ, ತೂತಿರುವ ವರ್ಷನ್‌ಗೆ ಇಳಿಸಬಹುದು. ಕಂಪ್ಯೂಟರ್ ಮಾತ್ರ "ಎಲ್ಲ ಅಪ್‌ಡೇಟ್ ಆಗಿದೆ" ಅಂತಲೇ ಹೇಳುತ್ತಿರುತ್ತೆ. ಜುಲೈ ತಿಂಗಳು ವಾಪಸ್ ದಾರಿ ಬೇಕು ಅಂತ ಕಲಿಸಿತು, ಆಗಸ್ಟ್ ತಿಂಗಳು ಆ ದಾರಿಗೆ ಕಾವಲು ಬೇಕು ಅಂತ ಕಲಿಸಿತು.

ಕಾವಲು ಅಂದ್ರೆ ಏನು? ಆಂಡ್ರಾಯ್ಡ್‌ನ ವೆರಿಫೈಡ್ ಬೂಟ್ ಒಂದು ಎಣಿಕೆ ಇಟ್ಟುಕೊಳ್ಳುತ್ತೆ. ಗಂಭೀರ ತೂತು ಮುಚ್ಚಿದಾಗ ಆ ಎಣಿಕೆ ಮೇಲೇರುತ್ತೆ, ಅದಕ್ಕಿಂತ ಕೆಳಗಿನದು ಬೂಟ್ ಆಗೋದಿಲ್ಲ. ಇದರಲ್ಲೂ ಒಂದು ಜಾಣತನ ಇದೆ. ಹೊಸದು ಬಂದ ತಕ್ಷಣ ಎಣಿಕೆ ಏರಿಸಿಬಿಟ್ಟರೆ ವಾಪಸ್ ದಾರಿ ಮುಚ್ಚಿಹೋಗುತ್ತೆ. ಹೊಸದು ಚೆನ್ನಾಗಿ ಎದ್ದು ನಿಂತ ಮೇಲೆ ಏರಿಸಬೇಕು. ಹೊಳೆ ದಾಟಿ ಆಚೆ ದಂಡೆಯಲ್ಲಿ ಕಾಲೂರಿದ ಮೇಲೆ ಹಗ್ಗ ಬಿಡೋದು, ನಡುನೀರಿನಲ್ಲಿ ಅಲ್ಲ. ಒಂದೆರಡು ಹೆಜ್ಜೆ ಹಿಂದಕ್ಕೆ, ಸಹಿ ಇರುವ ವರ್ಷನ್‌ಗೆ, ಗೊತ್ತಿರುವ ತೂತು ಇಲ್ಲದಲ್ಲಿಗೆ: ಇಷ್ಟಕ್ಕೆ ಮಾತ್ರ ಅನುಮತಿ.

ನಮ್ಮ ಕ್ಯಾಂಪಸ್ಸಿನಲ್ಲಿ ಏನಾಗಬೇಕು

ದೊಡ್ಡ ಕಂಪನಿಗಳಿಗೆ ಉಪದೇಶ ಮಾಡಿ ಕೂರೋದು ನಮ್ಮ ಉದ್ದೇಶ ಅಲ್ಲ. ನಮ್ಮ ಕೈಯಲ್ಲಿ ಆಗುವಂಥದ್ದನ್ನು ಹೇಳ್ತೇವೆ.

ಲಾಕ್ ಫೈಲನ್ನು ರೆಪೊದಲ್ಲಿ ಇಡೋಣ. 2022ರ ಜನವರಿಯಲ್ಲಿ ಕಲರ್ಸ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯ ಲೇಖಕರೇ ಅದರೊಳಗೆ ಮುಗಿಯದ ಲೂಪ್ ಇಟ್ಟು ಹೊಸ ವರ್ಷನ್ ಬಿಟ್ಟಾಗ, ಸಾವಿರಾರು ಪ್ರಾಜೆಕ್ಟುಗಳಿಗೆ ಅದರ ಬಿಸಿ ತಟ್ಟಿತು. 1.4.0ಕ್ಕೆ ಗಟ್ಟಿಯಾಗಿ ಕಟ್ಟಿ ಹಾಕಿದ್ದವರು ನಿಶ್ಚಿಂತೆಯಾಗಿದ್ದರು. ಯಾವ ವರ್ಷನ್ ಸರಿ ಇತ್ತು ಅಂತ ಬರೆದೇ ಇಡದಿದ್ದರೆ ವಾಪಸ್ ಹೋಗೋದು ಎಲ್ಲಿಗೆ?

ಬರೋ ಸೆಮಿಸ್ಟರಿನ ರಿವ್ಯೂನಲ್ಲಿ ಗೈಡ್‌ಗಳಿಗೆ ನಮ್ಮ ವಿನಂತಿ ಒಂದೇ. ಡೆಮೊ ಹೊತ್ತಿಗೆ ಟೀಮು ಹೊಸ ವರ್ಷನ್ ಹಾಕಲಿ, ಅದರಲ್ಲಿ ಹತ್ತು ದಾಖಲೆ ತುಂಬಲಿ. ಆಮೇಲೆ ಗೈಡ್ ಬೇಕಂತಲೇ ಅದನ್ನು ಕೆಡಿಸಲಿ, ಮೊಬೈಲ್ ಡೇಟಾ ಆಫ್ ಮಾಡಲಿ. ಸಾಫ್ಟ್‌ವೇರ್ ಹಿಂದಿನ ವರ್ಷನ್‌ಗೆ ಬಂದು, ಆ ಹತ್ತು ದಾಖಲೆಯನ್ನು ಸರಿಯಾಗಿ ಓದಿ ತೋರಿಸಬೇಕು. ತೋರಿಸಿದರೆ ಮಾರ್ಕ್ಸ್, ಇಲ್ಲದಿದ್ದರೆ ಇಲ್ಲ. ಐದು ನಿಮಿಷದ ಪರೀಕ್ಷೆ. ಆದರೆ ಅದಕ್ಕೆ ಉತ್ತರ ಕೊಡಬೇಕಾದ್ರೆ ಮೊದಲ ದಿನದಿಂದಲೇ ವಿನ್ಯಾಸ ಬೇರೆ ಥರ ಮಾಡಬೇಕಾಗುತ್ತೆ. ನಮಗೆ ಬೇಕಾದದ್ದೂ ಅದೇ.

"ಇದಕ್ಕೆಲ್ಲ ಟೈಮ್ ಎಲ್ಲೈತಿ?" ಅನ್ನೋ ಮಾತು ಬಂದೇ ಬರುತ್ತೆ. ನಿಜ, ಹಳೆಯ ಕಾಲಮ್ ಉಳಿಸಿಕೊಳ್ಳೋದು, ಎರಡು ಜಾಗ ಇಡೋದು, ಎರಡೆರಡು ಸಲ ಟೆಸ್ಟ್ ಮಾಡೋದು, ಇದಕ್ಕೆಲ್ಲ ಸಮಯ ಬೇಕು, ಮೆಮೊರಿ ಬೇಕು, ಹಣವೂ ಬೇಕು. ಆ ಖರ್ಚನ್ನು ನಾವು ಉಳಿಸಿದರೆ ಅದೇನು ಮಾಯವಾಗೋದಿಲ್ಲ. ಸಾವಿರಾರು ಜನರ ಮೇಲೆ ಹಂಚಿಹೋಗುತ್ತೆ: ಒಬ್ಬರಿಗೆ ತಪ್ಪಿದ ವಿಮಾನ, ಇನ್ನೊಬ್ಬರಿಗೆ ಅರ್ಧ ದಿನದ ಕೂಲಿ ಬಿಟ್ಟು ನಿಂತ ಸಾಲು, ಮತ್ತೊಬ್ಬರಿಗೆ ಹದಿನೈದು ಗುಂಟೆ. ಅವರು ಯಾರೂ ನಮ್ಮ ರಿಲೀಸ್ ಮೀಟಿಂಗಿನಲ್ಲಿ ಇರೋದಿಲ್ಲ. ಅವರ ಪರವಾಗಿ ಆ ಮೀಟಿಂಗಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಅದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳೋಣ: ಇದು ಕೆಟ್ಟರೆ ಅವರು ಏನೂ ಮಾಡದೆ ನಿನ್ನೆಯ ಸ್ಥಿತಿಗೆ ಬರ್ತಾರಾ? "ಹೌದು" ಅಂತ ತೋರಿಸಲು ಬಂದ ದಿನ ಬಟನ್ ಒತ್ತೋಣ.